ಬಾ ಎಂದರೆ ಹೋಗು

1963ನೆಯ ಇಸವಿ, ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಕಾಲ. ಒಂದು ಭಾನುವಾರ ಮಧ್ಯಾಹ್ನ, ಐದು ವರ್ಷದ ಮಗುವೊಂದನ್ನು 'ಬಾ, ಬಾ' ಎಂದು ಅಕ್ಕರೆಯಿಂದ ಕರೆದು ಕರೆದೇ ನಾನು ಕೊಲ್ಲುವುದರಲ್ಲಿದ್ದೆ. ಆ ಮಗು ನಮ್ಮದಲ್ಲ, ನಮ್ಮ ದೇಶದ್ದೂ ಅಲ್ಲ. ನನ್ನನ್ನು ನಂಬಿ ಒಪ್ಪಿಸಿ ಹೋಗಿದ್ದ ಮಗು.

ಆಗ ನಾನು ಶಿಡ್ಲಘಟ್ಟದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಇಂಗ್ಲಿಷ್ ಬಲ್ಲವನೆಂದು ಊರಿನಲ್ಲಿ ಹೆಸರು. ಆ ಹೆಸರು ಹೇಗೆ ಬಂತೆಂದು ನಾನು ಕೆದಕಿ ನೋಡಿರಲಿಲ್ಲ. ತಾನಾಗಿ ಬಂದದ್ದನ್ನು ಕೆದಕುವುದು ಮರ್ಯಾದೆಯಲ್ಲ. ಯಾರ ಮನೆಗೆ ತಂತಿ ಬಂದರೂ ನನ್ನ ಹತ್ತಿರ ಓದಿಸಲು ತರುತ್ತಿದ್ದರು. ಹೀಗಿರುವಾಗ ನಮ್ಮ ಸೀಮೆಯ ರೇಷ್ಮೆ ಹುಳುವಿನ ತಳಿಗಳನ್ನು ನೋಡುವುದಕ್ಕೆಂದು ಸ್ಪೇನ್ ದೇಶದಿಂದ ಒಬ್ಬ ಪರಿಣತರು ಬಂದು, ನಮ್ಮ ಮನೆಯ ಎದುರಿನ ಹಳೆಯ ಬಂಗಲೆಯಲ್ಲಿ ಇಳಿದುಕೊಂಡರು. ಹೆಸರು ಮಾತೇಯೊ. ಊರವರ ಬಾಯಲ್ಲಿ ಎರಡೇ ದಿನಕ್ಕೆ ಮಾದಯ್ಯ ದೊರೆ ಆದರು. ಅವರ ಮಗಳು ಲೂಸಿಯಾ ನಮ್ಮ ಲಚ್ಚಿಯಾದಳು. ದೊರೆಯೊಡನೆ ಮಾತನಾಡುವ ಭಾರವನ್ನು ಊರು ನನ್ನ ತಲೆಗೆ ಕಟ್ಟಿತು. ಅವರ ಇಂಗ್ಲಿಷ್ ನನಗೆ ಅರ್ಥವಾಗದಿದ್ದಾಗ ತಪ್ಪು ನನ್ನ ಕಿವಿಯದೆಂದು ನಾನೂ, ನನ್ನದು ಅವರಿಗೆ ಅರ್ಥವಾಗದಿದ್ದಾಗ ತಪ್ಪು ಅವರ ಕಿವಿಯದೆಂದು ಅವರೂ ತಿಳಿದುಕೊಂಡಿದ್ದರಿಂದ ನಮ್ಮ ಸ್ನೇಹ ಚೆನ್ನಾಗಿಯೇ ನಡೆಯಿತು.

ದೊರೆಸಾನಿ ತುಂಬು ಬಸುರಿ. ಏನೋ ತೊಡಕು ಕಂಡಿತೆಂದು ಬೆಂಗಳೂರಿನ ಡಾಕ್ಟರು, ಹೆರಿಗೆಯಾಗುವ ತನಕ ಆಸ್ಪತ್ರೆಯ ಹಾಸಿಗೆ ಬಿಟ್ಟು ಏಳಕೂಡದು ಎಂದುಬಿಟ್ಟರು. ಅಮ್ಮನ ಕಥೆ ಕೇಳದೆ ಕಣ್ಣು ಮುಚ್ಚದ ಮಗಳು. ಆ ತಾಯಿ ಹೊರಡುವ ಮುಂಚೆ ಒಂದು ವಾರ ಕೂತು, ಟ್ರಂಕಿನಷ್ಟು ದಪ್ಪದ ಒಂದು ಟೇಪ್ ರೆಕಾರ್ಡರಿಗೆ ತಾನು ಹೇಳುವ ಕಥೆಗಳನ್ನೆಲ್ಲ ಹೇಳಿ ಹೋದಳು. ಅಂದಿನಿಂದ ಸಂಜೆ ಏಳಕ್ಕೆ ಬಂಗಲೆಯಲ್ಲಿ ಎರಡು ಚಕ್ರ ತಿರುಗುತ್ತಿದ್ದವು, ತಾಯಿಯ ದನಿ ಬರುತ್ತಿತ್ತು, ಲಚ್ಚಿ ಆ ಪೆಟ್ಟಿಗೆಗೆ ಕೆನ್ನೆ ಒತ್ತಿಕೊಂಡು ನಿದ್ದೆ ಹೋಗುತ್ತಿದ್ದಳು.

ನಾನು ಇದನ್ನು ಕಂಡು ಒಂದು ದೂರಾಲೋಚನೆ ಮಾಡಿದೆ. ಒಂಬತ್ತು ವರ್ಷದ ಸರೋಜ, ಏಳು ವರ್ಷದ ಪದ್ದಿ, ನನ್ನ ಇಬ್ಬರು ಹೆಣ್ಣುಮಕ್ಕಳನ್ನೂ ದಿನಾ ಸಂಜೆ ಅಲ್ಲಿಗೆ ಕಳಿಸತೊಡಗಿದೆ. ಬಿಳಿಯರ ಬಾಯಿಂದಲೇ, ಅದೂ ಕಥೆಯ ರೂಪದಲ್ಲಿ, ಪುಕ್ಕಟೆ ಇಂಗ್ಲಿಷ್! ನಾಲ್ಕನೆಯ ದಿನ ಇಬ್ಬರೂ ಮನೆಗೆ ಬಂದು ಒಂದೇ ದನಿಯಲ್ಲಿ ಒಪ್ಪಿಸಿದರು:

"ಅಬೀಯಾ ಊನಾ ಬೇತ್."

ನಾನು ಸ್ವಲ್ಪ ಯೋಚಿಸಿ, "ಅದು 'ಹ್ಯಾವ್ ಯು ಹ್ಯಾಡ್ ಎ ಬಾತ್' ಅಂತ ಕಣಮ್ಮಾ. ಸ್ನಾನ ಆಯ್ತಾ ಅಂತ. ಮಲಗೋ ಮುಂಚೆ ಮಕ್ಕಳನ್ನ ಕೇಳ್ತಾರೆ. ಬಹಳ ಶುಭ್ರವಾದ ಜನ" ಎಂದು ವಿವರಿಸಿದೆ.

ಮಾರನೆಯ ದಿನ ದೊರೆಯ ಮುಂದೆ ಇದೇ ವಿದ್ವತ್ತನ್ನು ಪ್ರದರ್ಶಿಸಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅದು ಸ್ಪ್ಯಾನಿಷ್, 'ಒಂದಾನೊಂದು ಕಾಲದಲ್ಲಿ' ಎಂದು ಅರ್ಥ ಎಂದರು. ಬಿಳಿಯರೆಲ್ಲ ಮನೆಯೊಳಗೆ ಇಂಗ್ಲಿಷೇ ಆಡುತ್ತಾರೆಂಬ ನನ್ನ ನಲವತ್ತು ವರ್ಷದ ನಂಬಿಕೆ ಅಂದು ತೀರಿಕೊಂಡಿತು. ಮಕ್ಕಳನ್ನು ಬಿಡಿಸಿಬಿಡೋಣ ಎಂದರೆ ನನ್ನ ಹೆಂಡತಿ ಸಾವಿತ್ರಿ ಒಪ್ಪಲಿಲ್ಲ.

"ಆ ಮಗು ನಮ್ಮ ಮಕ್ಕಳು ಬಂದ್ರೇನೇ ಊಟ ಮಾಡೋದು. ಯಾವ ಭಾಷೆಯಾದ್ರೇನ್ರಿ, ಕಲೀಲಿ ಬಿಡಿ. ನಿಮ್ಮ ಇಂಗ್ಲಿಷ್‌ನಿಂದ ನಾವೇನು ಕಂಡ್ವಿ?"

ಹೀಗೆ ಶಿಡ್ಲಘಟ್ಟದಲ್ಲಿ ಸ್ಪ್ಯಾನಿಷ್ ಪಾಠ ಮುಂದುವರಿಯಿತು. ಮೂವರಿಗೂ ಬಲು ಮೆಚ್ಚಿಗೆಯಾದದ್ದು ಒಂದು ಬಸವನಹುಳುವಿನ ಕಥೆ. ಬಸವನಹುಳು ಮನೆ ಬಿಟ್ಟು ಲೋಕ ನೋಡಲು ಹೊರಡುತ್ತದೆ. ತಾಯಿಯ ದನಿ 'ಸೆ ಬಾ, ಸೆ ಬಾ, ಸೆ ಬಾ' ಎನ್ನುತ್ತಿದ್ದಂತೆ ಮೂವರೂ ಅಂಗೈ, ಮಂಡಿ ಊರಿ ಮುಂದೆ ಮುಂದೆ ತೆವಳಬೇಕು. ಆಮೇಲೆ ಅದಕ್ಕೆ ಭಯವಾಗುತ್ತದೆ. ಆಗ 'ಬೆನ್, ಬೆನ್, ಪೋಕೋ ಆ ಪೋಕೋ' ಎಂದ ಕೂಡಲೇ ತಿರುಗದೆ, ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತೆವಳಿ ಗೂಡು ಸೇರಬೇಕು. ನೆಲ ಸಾರಿಸುವ ಕೆಲಸ ಬಂಗಲೆಯಲ್ಲಿ ಯಾರಿಗೂ ಇರಲಿಲ್ಲ.

"ಅಪ್ಪಾ, ಅವರ ಭಾಷೇಲಿ ಬಾ ಅಂದ್ರೆ ಹೋಗು ಅಂತ!" ಎಂದಳು ಪದ್ದಿ.

"ಮತ್ತೆ ಬೆನ್ ಅಂದ್ರೆ ಬೆನ್ನು. ಬೆನ್ನು ಕಡೆಯಿಂದ ವಾಪಸ್ ಬರ್ತೀವಲ್ಲ, ಅದಕ್ಕೆ" ಎಂದಳು ಸರೋಜ.

"ಮನೆಗೆ ಕಾಸಾ ಅಂತಾರೆ" ಎಂದು ಪದ್ದಿ ಸೇರಿಸಿದಳು.

"ಅದೇನು ಸುಳ್ಳಲ್ಲ" ಎಂದಳು ಸಾವಿತ್ರಿ, ನಾನು ತಿದ್ದಿ ಎಸೆದಿದ್ದ ಕಾಗದಗಳನ್ನು ಗುಡಿಸುತ್ತಾ.

ಬಾ ಎಂದರೆ ಹೋಗು ಎನ್ನುವ ಭಾಷೆಯಲ್ಲಿ ಸಂಸಾರ ಹೇಗೆ ಮಾಡುತ್ತಾರೋ ಎಂದು ನಾನು ನಕ್ಕೆ. ಬೆನ್ನಿನ ವಿಷಯವನ್ನು ಮಾತ್ರ ಭಾಷಾಶಾಸ್ತ್ರದ ದೃಷ್ಟಿಯಿಂದ ಒಪ್ಪಿಕೊಂಡೆ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಬೆಳಿಗ್ಗೆ ಬೆಂಗಳೂರಿನಿಂದ ಕರೆ ಬಂತು. ದೊರೆಸಾನಿಗೆ ನೋವು ಕಾಣಿಸಿತ್ತು. ಮಾದಯ್ಯ ದೊರೆ ಜೀಪು ಹತ್ತುವ ಮುಂಚೆ ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟು, ಟೇಪ್ ರೆಕಾರ್ಡರ್ ತೋರಿಸಿ ಎರಡು ಸಲ ಹೇಳಿದರು: ಇದು ಹಾಡುವ ಗುಂಡಿ, ಈ ಕೆಂಪು ಗುಂಡಿಯನ್ನು ಮುಟ್ಟಬಾರದು. "ನೋ ರೆಡ್, ಮಾಸ್ಟರ್."

"ಯು ಗೋ ವಿತ್ ಪೀಸ್" ಎಂದು ನಾನು ಅಭಯ ಕೊಟ್ಟೆ.

ಮಗು ಅಪ್ಪನ ಜೀಪು ಹೋದ ದಾರಿಯನ್ನೇ ನೋಡುತ್ತ ಮಂಕಾಗಿತ್ತು. ನಗಿಸೋಣವೆಂದು ಬಂಗಲೆಯ ಹಿಂದಿನ ಹಿಪ್ಪುನೇರಳೆ ತೋಟಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಕಪಿಲೆ ಬಾವಿ. ಎತ್ತುಗಳು ಹಗ್ಗ ಎಳೆದು ಚರ್ಮದ ಚೀಲದಲ್ಲಿ ನೀರೆತ್ತುವ ಆ ಕಾಲದ ದೊಡ್ಡ ಬಾವಿ. ನಾನು ಅದರ ದಡದಿಂದ ದೂರವೇ ನಿಂತು, ಮಗುವಿನ ರಟ್ಟೆ ಹಿಡಿದುಕೊಂಡು, ಬಾವಿಯೊಳಕ್ಕೆ "ಓಹೋ!" ಎಂದೆ. ಬಾವಿ "ಓ... ಹೋ..." ಎಂದಿತು. ಲಚ್ಚಿ ಬೆರಗಾದಳು. ಆಮೇಲೆ ಮೆಲ್ಲಗೆ "ಮಮಾ?" ಎಂದಳು.

"ಮಾ... ಮಾ..." ಎಂದಿತು ಬಾವಿ.

ಮಗು ನನ್ನ ಮುಖ ನೋಡಿತು. ನಾನು ನಕ್ಕುಬಿಟ್ಟೆ. ಪೆಟ್ಟಿಗೆಯೊಳಗಿಂದ ತಾಯಿಯ ದನಿ ಬರುವುದನ್ನು ದಿನಾ ಕೇಳಿದ ಮಗುವಿಗೆ, ಬಾವಿಯೊಳಗಿಂದಲೂ ಬರಬಹುದು ಎಂದು ಅನ್ನಿಸುತ್ತದೆಂದು ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದ ನನಗೆ ಹೊಳೆಯಲಿಲ್ಲ.

ಊಟವಾದ ಮೇಲೆ ಲಚ್ಚಿ ಪೆಟ್ಟಿಗೆಯ ಮುಂದೆ ಕೂತು "ಕರಾಕೋಲ್" ಎಂದಳು. ಬಸವನಹುಳು. ನಮ್ಮ ಮಕ್ಕಳಿಗೆ ಅಂದು ಮನೆಯಲ್ಲಿ ಎಣ್ಣೆ ಸ್ನಾನ, ನಾನೊಬ್ಬನೇ ಇದ್ದೆ. ಹಾಡುವ ಗುಂಡಿ ಒತ್ತಿದೆ. ಅದು ನಿಲ್ಲದೆ ಮೇಲೆ ಹಾರಿತು. ಮತ್ತೆ ಒತ್ತಿದೆ, ಮತ್ತೆ ಹಾರಿತು. ಆಗ ಪಕ್ಕದ ಗುಂಡಿಯನ್ನೂ ಸೇರಿಸಿ ಬಲವಾಗಿ ಒತ್ತಿದೆ. ಎರಡೂ ಕೂತವು. ಚಕ್ರಗಳು ತಿರುಗಿದವು. ದನಿ ಮಾತ್ರ ಬರಲಿಲ್ಲ. ಬಂದೀತೆಂದು ನಾನು ಕೈಕಟ್ಟಿ ಕೂತೆ.

"ಏನಮ್ಮಾ ಲಚ್ಚಿ, ನಿಮ್ಮಮ್ಮ ಇವತ್ತು ಮೌನವ್ರತ ಹಿಡಿದ ಹಾಗಿದೆ" ಎಂದೆ. ಕೆಮ್ಮಿದೆ. ಕೊನೆಗೆ ಬೇಸತ್ತು ನಿಲ್ಲಿಸಿ, ಹಿಂದಕ್ಕೆ ಸುತ್ತಿಸಿ, ಮತ್ತೆ ಹಾಕಿದೆ; ಈ ಸಲ ಹಾಡುವ ಗುಂಡಿಯೊಂದೇ ಕೂತಿತು. ತಾಯಿ "ಅಬೀಯಾ ಊನಾ ಬೇತ್" ಎಂದು ಶುರುಮಾಡಿದಳು. ನಾಲ್ಕು ಮಾತು ಮುಂದುವರಿಯಿತು. ಆಮೇಲೆ ಖಟ್ ಎಂದು ಶಬ್ದವಾಗಿ, ಬಸವನಹುಳು ಹೊರಡಬೇಕಾದ ಜಾಗದಲ್ಲಿ, ನನ್ನ ದನಿ ಗಂಭೀರವಾಗಿ ಹೇಳಿತು: "ಏನಮ್ಮಾ ಲಚ್ಚಿ, ನಿಮ್ಮಮ್ಮ ಇವತ್ತು ಮೌನವ್ರತ..."

ಕೆಂಪು ಗುಂಡಿ! ಆಸ್ಪತ್ರೆಯಲ್ಲಿ ನೋವು ತಿನ್ನುತ್ತಿದ್ದ ಆ ತಾಯಿಯ ದನಿಯನ್ನು ಇಲ್ಲಿ ನಾನು ಅಳಿಸಿ ಕೂತಿದ್ದೆ. ಲಚ್ಚಿ ಪೆಟ್ಟಿಗೆಯನ್ನು ತಟ್ಟಿದಳು. "ಮಮಾ? ಮಮಾ?" ಪೆಟ್ಟಿಗೆ ನನ್ನ ಕೆಮ್ಮನ್ನು ಕೇಳಿಸಿತು. ಮಗು ಎದೆಯೊಡೆದು ಅಳತೊಡಗಿತು. ನನ್ನ ಇಂಗ್ಲಿಷ್, ಕನ್ನಡ, ಗೊತ್ತಿದ್ದ ಅಷ್ಟಿಷ್ಟು ಸಂಸ್ಕೃತ, ಯಾವುದಕ್ಕೂ ಸುಮ್ಮನಾಗಲಿಲ್ಲ. ಸರೋಜಳನ್ನು ಕರೆದರೆ ಸುಮ್ಮನಾಗುತ್ತಾಳೆಂದು, "ಇಲ್ಲೇ ಇರಮ್ಮಾ, ಬಂದೆ" ಎಂದು ರಸ್ತೆ ದಾಟಿ ಮನೆಗೆ ಓಡಿದೆ.

"ಸರೋಜಾ, ಬೇಗ ಬಾರೇ!"

"ತಲೆ ಇನ್ನೂ ಸೀಗೇಕಾಯಿಲಿದೆ ರೀ" ಎಂದಳು ಸಾವಿತ್ರಿ ಬಚ್ಚಲಿಂದ. "ಎರಡು ತಂಬಿಗೆ ಹುಯ್ದು ಕಳಿಸ್ತೀನಿ."

ನಾನು ವಾಪಸು ಬಂದಾಗ ಅಳು ನಿಂತಿತ್ತು. ಚಕ್ರಗಳು ಇನ್ನೂ ತಿರುಗುತ್ತಿದ್ದವು. ಮಗು ಇರಲಿಲ್ಲ.

ಮಂಚದ ಕೆಳಗೆ ನೋಡಿದೆ. ಅಡುಗೆಮನೆ ನೋಡಿದೆ. ಹಿಂದಿನ ಬಾಗಿಲು ತೆರೆದಿತ್ತು. ಅಷ್ಟರಲ್ಲಿ ತೋಟದ ಕಡೆಯಿಂದ ಕಪಿಲೆ ಹೊಡೆಯುವ ಯಲ್ಲಪ್ಪನ ಕೂಗು ಕೇಳಿಸಿತು:

"ಮೇಷ್ಟ್ರೇ! ದೊರೆ ಮಗಾ! ಬಾವಿ ಮೇಲೆ!"

ನಾನು ಹೇಗೆ ಓಡಿದೆನೋ ತಿಳಿಯದು. ಒಂದು ಕಾಲಿನ ಚಪ್ಪಲಿ ಮರುದಿನ ಹಿಪ್ಪುನೇರಳೆ ಗಿಡಗಳ ನಡುವೆ ಸಿಕ್ಕಿತು.

ಕಪಿಲೆಯ ಪಕ್ಕದಲ್ಲಿ, ಹಿಂದೆ ಇನ್ನೊಂದು ರಾಟೆ ಇಡುತ್ತಿದ್ದ ಹಳೆಯ ಕಲ್ಲು ಚಪ್ಪಡಿಯೊಂದು ಬಾವಿಯ ಬಾಯಿಗೆ ಚಾಚಿಕೊಂಡಿತ್ತು. ಒಂದೂವರೆ ಗೇಣು ಅಗಲ, ಎರಡಾಳು ಉದ್ದ. ಅದರ ಮಧ್ಯದಲ್ಲಿ ಅಂಗೈ, ಮಂಡಿ ಊರಿಕೊಂಡು ಲಚ್ಚಿ ಕೂತಿದ್ದಳು, ತಲೆ ಬಾವಿಯ ಕಡೆಗೆ. ಕೆಳಗೆ ಮೂವತ್ತಡಿಯ ಆಳದಲ್ಲಿ ಕಪ್ಪು ನೀರು. ಮಗು ಬಗ್ಗಿ "ಮಮಾ?" ಎನ್ನುತ್ತಿತ್ತು. ಬಾವಿ "ಮಾ... ಮಾ..." ಎಂದು ಕರೆಯುತ್ತಿತ್ತು.

ಚಪ್ಪಡಿಯ ಮೇಲೆ ಹೋಗಲು ನಾನು ಕಾಲಿಟ್ಟೆ. ಯಲ್ಲಪ್ಪ ಸೊಂಟ ಹಿಡಿದು ಎಳೆದ.

"ಬೇಡ ಸ್ವಾಮಿ! ಕಲ್ಲು ಬುಡದಲ್ಲಿ ಸೀಳೈತೆ. ಅದಕ್ಕೇ ರಾಟೆ ತೆಗ್ಸಿರೋದು. ಮಗಾನ ತಡೆದೈತೆ, ನಮ್ಮನ್ನ ತಡಿಯಾಕಿಲ್ಲ. ಕೂಗಿ ಕರೀರಿ ನೀವು. ನಾನು ಕೆಳಗಿಳಿದಿರ್ತೀನಿ." ಅವನು ಬಾವಿಯ ಮೆಟ್ಟಿಲುಗಲ್ಲು ಹಿಡಿದು ಸರಸರನೆ ಇಳಿದ. ಬಿದ್ದರೆ ಎತ್ತಿಕೊಳ್ಳಲು ಇಳಿಯುತ್ತಿದ್ದಾನೆಂದು ನನಗೆ ಅರ್ಥವಾಯಿತು.

ನಾನು ಇದ್ದ ಪ್ರೀತಿಯನ್ನೆಲ್ಲ ದನಿಗೆ ತಂದುಕೊಂಡು ಕರೆದೆ: "ಬಾ ಲಚ್ಚಿ, ಬಾ! ಬಾ ನನ್ನ ಕಂದ!"

ಮಗು ಒಂದು ಅಂಗೈಯನ್ನು ಎತ್ತಿ ಮುಂದಿಟ್ಟಿತು.

"ಬಾ! ಬಾ!" ಎಂದು ಕಿರುಚಿದೆ. ಇನ್ನೊಂದು ಅಂಗೈಯೂ ಮುಂದೆ ಹೋಯಿತು. ಸೊಪ್ಪು ಕೊಯ್ಯುತ್ತಿದ್ದವರು ನಾಲ್ಕೈದು ಮಂದಿ ಓಡಿಬಂದು ನನ್ನೊಡನೆ ದನಿಗೂಡಿಸಿದರು. "ಬಾ ಮಗಾ, ಬಾ! ಬಾರಮ್ಮಾ, ಬಾ!" ಬಾವಿಯೂ ಬಿಡಲಿಲ್ಲ; "ಬಾ... ಬಾ... ಬಾ..." ಎಂದು ಅಡಿಯಿಂದ ಮೊಳಗಿತು. ಲಚ್ಚಿ ಅಳುತ್ತ ಅಳುತ್ತಲೇ, ವಿಧೇಯಳಾಗಿ, ಮಂಡಿ ಎಳೆದುಕೊಂಡು ಮುಂದೆ ಸರಿದಳು. ಕರೆದಷ್ಟೂ ದೂರ ಹೋಗುವ ಮಗುವನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ತಿಳಿದ ದಾರಿ ಒಂದೇ: ಇನ್ನೂ ಜೋರಾಗಿ ಕರೆಯುವುದು. ಕರೆದೆ. ಇನ್ನು ಮೂರು ಗೇಣು ಕಲ್ಲು ಉಳಿದಿತ್ತು.

ಆಗ ಯಲ್ಲಪ್ಪನ ತಾಯಿ ಮುನೆಮ್ಮ ಎದೆ ಬಡಿದುಕೊಳ್ಳುತ್ತ ಬಂದಳು. ಚಿಂತಾಮಣಿ ಆಚೆಯಿಂದ ಬಂದ ಮುದುಕಿ. ಗಾಬರಿಯಾದರೆ ಬಾಯಲ್ಲಿ ತೆಲುಗು ಬಿಟ್ಟು ಬೇರೆ ಬರುತ್ತಿರಲಿಲ್ಲ. ಹೋಗಬೇಡ ಎಂದು ಆಕೆಯ ಭಾಷೆಯಲ್ಲಿ ಕೂಗಿಕೊಂಡಳು:

"ಪೋಕಮ್ಮಾ! ಪೋಕು! ಪೋಕು!"

ಲಚ್ಚಿ ತಟ್ಟನೆ ನಿಂತಳು. ಎತ್ತಿದ್ದ ಕೈ ಹಾಗೆಯೇ ನಿಂತಿತು. ತಲೆಯನ್ನು ಸ್ವಲ್ಪ ಓರೆ ಮಾಡಿ, ಗುರುತಿನವರ ದನಿ ಕೇಳಿದವಳಂತೆ, "ಪೋಕೋ?" ಎಂದಳು.

ಯಾಕೆ ನಿಂತಳೆಂದು ನನಗೆ ತಿಳಿಯಲಿಲ್ಲ. ಇದೇ ಸಮಯವೆಂದು ಎದೆ ತುಂಬ ಉಸಿರೆಳೆದು "ಬಾ..." ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ಒದ್ದೆ ಕೈ ನನ್ನ ಬಾಯಿ ಮುಚ್ಚಿತು.

"ಅನ್ಬೇಡಪ್ಪಾ! ಬಾ ಅನ್ಬೇಡ! ಬಾ ಅಂದ್ರೆ ಹೋಗು ಅಂತ ಹೇಳಿರ್ಲಿಲ್ವಾ ನಿಂಗೆ!"

ಸರೋಜ. ತಲೆಯಿಂದ ನೀರು ಸೋರುತ್ತಿತ್ತು, ಕಿವಿಯ ಹಿಂದೆ ಸೀಗೇಕಾಯಿ ಹಾಗೆಯೇ ಇತ್ತು. ಅವಳು ಎಲ್ಲರ ಕಡೆಗೂ ತಿರುಗಿ, ನಾನು ತರಗತಿಯಲ್ಲಿ ಮಾಡುವಂತೆ ತುಟಿಯ ಮೇಲೆ ಬೆರಳಿಟ್ಟಳು. ಅಷ್ಟು ಜನ ದೊಡ್ಡವರು ಬಾಯಿ ಮುಚ್ಚಿದೆವು. ಬಾವಿಯೂ ಸುಮ್ಮನಾಯಿತು.

ಅವಳು ಚಪ್ಪಡಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಗಂಟಲು ಸರಿಮಾಡಿಕೊಂಡು, ಆ ತಾಯಿಯ ದನಿಯ ಏರಿಳಿತವನ್ನೇ ತಂದುಕೊಂಡು, ಕಥೆ ಹೇಳತೊಡಗಿದಳು. "ಬೆನ್, ಬೆನ್... ಪೋಕೋ ಆ ಪೋಕೋ... ಬೆನ್ ಆ ಕಾಸಾ, ಕರಾಕೋಲ್..."

ಲಚ್ಚಿ ಅಲ್ಲಾಡಲಿಲ್ಲ. ಸರೋಜ ಮತ್ತೆ ಹೇಳಿದಳು. ದನಿ ನಡುಗಿತು, ಏರಿಳಿತ ತಪ್ಪಲಿಲ್ಲ. ಮಗು ಒಂದು ಮಂಡಿಯನ್ನು ಹಿಂದಕ್ಕೆ ಸರಿಸಿತು. ಕಲ್ಲಿನ ಸಣ್ಣ ಚೂರೊಂದು ಕಳಚಿ ಕೆಳಗೆ ಬಿತ್ತು. ಅದು ನೀರು ಮುಟ್ಟಿದ ಶಬ್ದ ಅಡಿಯಿಂದ ಬಂತು. ಇನ್ನೊಂದು ಮಂಡಿ ಬಂತು. ಅಂಗೈ ಬಂತು. ಪೋಕೋ ಆ ಪೋಕೋ. ಮತ್ತೊಂದು ಗೇಣು.

ಅರ್ಧ ಬಂದವಳು ಮತ್ತೆ ನಿಂತು ಬಾವಿಯನ್ನು ಇಣುಕಿದಳು. "ಮಮಾ?" ಎಂದಳು. ಬಾವಿ ಕರೆಯಿತು.

ಸರೋಜ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಅವಳೇ ಕಥೆಯ ಕೊನೆಯ ಮಾತನ್ನು ಹುಡುಕಿ ತೆಗೆದಳು: "ಮಮಾ ಎಸ್ತಾ ಎನ್ ಕಾಸಾ." ಅಮ್ಮ ಮನೆಯಲ್ಲಿದ್ದಾಳೆ.

ಲಚ್ಚಿ ಆ ಮಾತನ್ನು ಒಂದು ಸಲ ತಾನೇ ಹೇಳಿಕೊಂಡಳು. ಆಮೇಲೆ ನಿಲ್ಲದೆ ಹಿಂದಕ್ಕೆ ತೆವಳಿದಳು. ಪಾದ ಕೈಗೆ ಎಟುಕಿದ್ದೇ ತಡ, ನಾನು ಕಣಕಾಲು ಹಿಡಿದು ಎಳೆದು ಎದೆಗೆ ಅವಚಿಕೊಂಡೆ. ಗಾಬರಿಯಾದ ಮಗು ನನ್ನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿತು. ಅದು ನ್ಯಾಯವಾದ ತೀರ್ಪೆಂದು ನಾನು ಕೈ ಬಿಡಿಸಿಕೊಳ್ಳಲಿಲ್ಲ. ಸರೋಜ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತಳು. ಮುನೆಮ್ಮ ತನ್ನ ಸೆರಗಿನಿಂದ ಅವಳ ತಲೆ ಒರೆಸುತ್ತ, "ಎವರಿ ಬಿಡ್ಡವೇ ನುವ್ವು" ಎಂದು ನೆಟಿಕೆ ತೆಗೆದಳು. ಯಾರ ಮಗಳು ಎಂದು ಕೇಳಿದಾಗ ಉತ್ತರ ಕೊಡಲು ನನಗೆ ನಾಚಿಕೆಯಾಯಿತು.

ಸಂಜೆ ದೊರೆ ಬಂದರು. ಗಂಡು ಮಗು, ತಾಯಿ ಕ್ಷೇಮ ಎಂದರು. ಅವರ ಸಂತೋಷದ ಮುಖಕ್ಕೆ ನಾನು ಎಲ್ಲವನ್ನೂ ಹೇಳಿದೆ: ಬಾವಿಯ ಓಹೋ, ಕೆಂಪು ಗುಂಡಿ, ಚಪ್ಪಡಿ. ಅಂದು ನನ್ನ ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲವೋ ಏನೋ, ಅವರಿಗೆ ಪ್ರತಿಯೊಂದೂ ಅರ್ಥವಾಯಿತು. ಎದ್ದು ಬಾವಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತಿದ್ದರು. ಬಂದವರು ಸರೋಜಳ ಎರಡು ಕೈಗಳನ್ನೂ ಹಿಡಿದು ಹಣೆಗೆ ಒತ್ತಿಕೊಂಡರು. ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಯಲ್ಲಪ್ಪ ಆ ಚಪ್ಪಡಿಯನ್ನು ಹಾರೆಯಿಂದ ಮೀಟಿ ಬಾವಿಗೆ ಕೆಡವುವಾಗ ನಾವಿಬ್ಬರೂ ಪಕ್ಕಪಕ್ಕದಲ್ಲಿ ನಿಂತು ನೋಡಿದೆವು. ಅಲ್ಲಿಂದ ಮಾತು ಮತ್ತೆ ಶುರುವಾಯಿತು.

ತಿಂಗಳ ಮೇಲೆ ದೊರೆಸಾನಿ ಕೂಸನ್ನೆತ್ತಿಕೊಂಡು ಬಂದಳು. ನನ್ನ ಅಪರಾಧವನ್ನು ಟೇಪಿನಲ್ಲಿ ಕೇಳಿದಳು. ಕಥೆಯನ್ನು ಹೊಸದಾಗಿ ಹೇಳಿ ಸರಿಮಾಡಲು ಕೂತರೆ ಲಚ್ಚಿ ಬಿಡಲಿಲ್ಲ. 'ಮೌನವ್ರತ' ಬೇಕೇ ಬೇಕೆಂದು ಹಟ ಹಿಡಿದಳು. ಕೊನೆಗೆ ಅದನ್ನು ಹಾಗೆಯೇ ಉಳಿಸಿ, ಅದರ ಮುಂದಿನ ಖಾಲಿ ಜಾಗದಲ್ಲಿ ಅಳಿದುಹೋದ ಮಾತುಗಳನ್ನು ಸರೋಜಳ ಕೈಯಲ್ಲೇ ಹೇಳಿಸಿದಳು. ಬೆನ್ ಎಂದರೆ ಬೆನ್ನಲ್ಲ, 'ಬಾ' ಎಂದೇ ಅರ್ಥ ಎಂದು ತಿಳಿದದ್ದು ಆಗ. ನನ್ನ ಭಾಷಾಶಾಸ್ತ್ರ ಅಲ್ಲಿಗೆ ಮುಗಿಯಿತು.

ಮರುವರ್ಷ ಅವರು ಊರಿಗೆ ಹೊರಟಾಗ ಆ ಟೇಪೂ ಹೋಯಿತು. ಎಲ್ಲೋ ಸ್ಪೇನ್ ದೇಶದಲ್ಲಿ ಒಂದು ಬಸವನಹುಳು ತಾಯಿಯ ದನಿಯಲ್ಲಿ ಕಥೆ ಶುರುಮಾಡಿ, ನನ್ನ ಕೆಮ್ಮನ್ನು ದಾಟಿ, ಶಿಡ್ಲಘಟ್ಟದ ಹುಡುಗಿಯೊಬ್ಬಳ ದನಿ ಹಿಡಿದು ಮನೆ ಸೇರುತ್ತಿರಬಹುದು.

ಸರೋಜಳಿಗೆ ಈಗ ಮಕ್ಕಳಿದ್ದಾರೆ. ರಜಕ್ಕೆ ಬಂದಾಗ ಕೆರೆಯ ಕಡೆ, ಬಾವಿಯ ಕಡೆ ಓಡುತ್ತಾರೆ. ಎಲ್ಲರೂ ನಿಂತಲ್ಲಿಂದಲೇ "ಬಾ, ಬಾ" ಎಂದು ಕೂಗುತ್ತಾರೆ. ನಾನು ಕೂಗುವುದಿಲ್ಲ. ನಿಧಾನವಾಗಿ ಎದ್ದು, ಚಪ್ಪಲಿ ಹಾಕಿಕೊಂಡು, ಅವರಿದ್ದಲ್ಲಿಗೇ ನಡೆದುಹೋಗಿ, ಕೈ ಹಿಡಿದುಕೊಳ್ಳುತ್ತೇನೆ.